ಫೋನ್ ಇಡಬೇಡಿ

"ಫೋನ್ ಇಡಬೇಡಿ. ಇಟ್ಟರೆ ಹತ್ತೇ ನಿಮಿಷದಲ್ಲಿ ನಿಮ್ಮ ಖಾತೆ ಬಂದ್ ಆಗುತ್ತದೆ," ಎಂದ, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎಂದಿದ್ದ ಸಾಹೇಬ.

ರವಿಕೆಗೆ ಹುಕ್ಕು ಹಚ್ಚುತ್ತಿದ್ದ ಆಕೆಗೆ ಜೀವ ಬಾಯಿಗೆ ಬಂದಂತಾಯಿತು. ಹದಿನಾಲ್ಕು ವರ್ಷ ಹೊಲಿದು ಕೂಡಿಟ್ಟದ್ದೆಲ್ಲ ಅದೇ ಖಾತೆಯಲ್ಲಿತ್ತು.

"ಸಾಹೇಬ್ರ, ಒಂದ್ ನಿಮಿಷ ತಡೀರಿ. ಬಾಗಲದಾಗ ಗಿರಾಕಿ ಬಂದಾರ."

"ಏಳಬೇಡಿ. ಯಾರಿಗೂ ಹೇಳಬೇಡಿ. ಲಿಂಕ್ ಕಳಿಸಿದ್ದೇನೆ, ಒತ್ತಿ. ಆಮೇಲೆ ಬರುವ ಒಟಿಪಿ ಓದಿ ಹೇಳಿ."

ಗಿರಾಕಿ ಎರಡು ಸಲ ಕೂಗಿ ಹೊರಟುಹೋದಳು. ಹೊಲಿಯುವಾಕೆಯ ಬೆರಳು ಲಿಂಕಿನ ಮೇಲೆ ಇನ್ನೇನು ಊರಬೇಕು ಎನ್ನುವಷ್ಟರಲ್ಲಿ, ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆದುಕೊಡುವ ಅಕ್ಕಾರು ಪ್ರತಿ ಸಲ ಹೇಳುವ ಮಾತು ನೆನಪಾಯಿತು: "ಒಟಿಪಿ ಯಾರಿಗೂ ಹೇಳಬ್ಯಾಡ್ರಿ, ನಾ ಕೇಳಿದ್ರೂ ಹೇಳಬ್ಯಾಡ್ರಿ."

ಭಯವೆಲ್ಲ ಒಮ್ಮೆಲೇ ಸಿಟ್ಟಾಗಿ ಉಕ್ಕಿತು.

"ಏ ಭಾಡ್ಯಾ! ದುಡದು ತಿನ್ನಾಕ ಏನ್ ಧಾಡಿ ನಿನಗ? ನಿಮ್ಮವ್ವ ಇದನ್ನ ಕೇಳಿದ್ರ ಎದಿ ಒಡದು ಸಾಯ್ತಾಳ. ಇಡು ಫೋನು!"

ಆ ಕಡೆ, ಹಿಂದೆಲ್ಲೋ ಒಬ್ಬ ಗುರುತಿಲ್ಲದ ಭಾಷೆಯಲ್ಲಿ ಗದರುತ್ತಿದ್ದ. ಆಮೇಲೆ ಸಾಹೇಬನ ದನಿ ಪಿಸುಗುಟ್ಟಿತು. ಈಗದರಲ್ಲಿ ಪುಸ್ತಕದ ಕನ್ನಡ ಇರಲಿಲ್ಲ, ಆಕೆಯದೇ ಸೀಮೆಯ ಮಾತಿತ್ತು.

"ಬೈರಿ ಯವ್ವಾ, ಇನ್ನಷ್ಟು ಬೈರಿ, ಆದ್ರ ಫೋನ್ ಇಡಬ್ಯಾಡ್ರಿ. ನೌಕರಿ ಕೊಡ್ತೀವಂತ ಕರಕೊಂಡು ಬಂದು ಕೂಡಿ ಹಾಕ್ಯಾರ, ಇಂಥಾ ಫೋನ್ ಮಾಡಸ್ತಾರ. ಹತ್ತು ನಿಮಿಷ ಯಾರರ ನನ್ನ ಕೂಡ ಮಾತಾಡಿದ್ರ, ಇವತ್ತ ಊಟಾ ಹಾಕ್ತಾರ."