ಗೇಟಿನ ಎದುರಿನ ಖಾನಾವಳಿ

ಜೋಳದ ರೊಟ್ಟಿ ಹಂಚಿನ ಮೇಲೆ ಸುಡುವ ವಾಸನೆಗೆ ರಂಜನಿಯ ಲಾರಿ ಎಣಿಕೆ ತಪ್ಪಿತು. ಹದಿನೇಳೋ, ಹದಿನೆಂಟೋ? ಚಿಕ್ಕವಳಿದ್ದಾಗ ನಾಶಿಕದ ಬಳಿಯ ಓಝರಿನ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಿಂದ ಬರುತ್ತಿದ್ದುದು ಇದೇ ವಾಸನೆ. ವಿಮಾನ ಕಾರ್ಖಾನೆಯ ಭೋಂಗಾ ಕೂಗುವ ಮೊದಲೇ ಅದು ಬಂದು ಊಟದ ಹೊತ್ತು ತಿಳಿಸುತ್ತಿತ್ತು. ಅವಳು ಹದಿನೇಳು ಎಂದು ಬರೆದುಕೊಂಡು ಮತ್ತೆ ಎದುರಿನ ಗೇಟಿನತ್ತ ನೋಡಿದಳು.

ಅದು ಸಿಮೆಂಟ್ ಕಾರ್ಖಾನೆಯ ಗೇಟು. ಇಸವಿ 2013. ಸಂಭಾಜಿನಗರವನ್ನು ಆಗ ಔರಂಗಾಬಾದ್ ಎನ್ನುತ್ತಿದ್ದರು. ಅಲ್ಲಿಂದ ನಾಶಿಕಕ್ಕೆ ಹೋಗುವ ರಸ್ತೆಯ ಬದಿಯ ಕಾರ್ಖಾನೆ. ದಿನಕ್ಕೆ ಅರವತ್ತು ಲಾರಿ ಮಾಲು ಹೈದರಾಬಾದಿಗೆ ಹೋಗುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ರಂಜನಿಯ ಮುಂಬಯಿ ಸಂಸ್ಥೆ ಅದನ್ನು ನಂಬಿರಲಿಲ್ಲ. ಬೀಳಲಿರುವ ಷೇರನ್ನು ಎರವಲು ತಂದು ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸುವುದು ಆ ಸಂಸ್ಥೆಯ ವ್ಯಾಪಾರ. ಬೀಳಿಸಲು ಸಾಕ್ಷಿ ಬೇಕಿತ್ತು.

ಖಾನಾವಳಿ ನಡೆಸುವ ಮಲಕವ್ವನಿಗೆ ಅವಳು ರಸ್ತೆ ಅಗಲ ಮಾಡುವ ಸರ್ವೇಯವಳು ಎಂದು ಹೇಳಿದ್ದಳು. ಮಲಕವ್ವ ಮರುಪ್ರಶ್ನೆ ಹಾಕಲಿಲ್ಲ. ಬೇವಿನ ಮರದ ಕೆಳಗಿದ್ದ ಬೆಂಚನ್ನು ತಾನೇ ಎಳೆದು ತಂದು ಗೇಟಿನ ಎದುರಿಗೆ ಹಾಕಿದಳು.

“ಇಲ್ಲೆ ಕೂಡವಾ ತಂಗಿ. ಗಾಳಿ ಬರತೈತಿ.”

ಬರುತ್ತಿದ್ದುದು ಬರೀ ಧೂಳು. ಅದಕ್ಕೇ ಅವಳು ರಂಜನಿಯ ತಾಟನ್ನು ಸೆರಗಿನಿಂದ ಎರಡೆರಡು ಸಲ ಒರೆಸಿ ಕೊಡುತ್ತಿದ್ದಳು. ಡ್ರೈವರುಗಳು ಮುಗಿಸಿಬಿಡುವ ಮೊದಲೇ ಒಂದು ಬಟ್ಟಲು ಮೊಸರು ಎತ್ತಿಡುತ್ತಿದ್ದಳು.

“ಕಂಪನಿಯವ್ರು ಪುಕ್ಕಟ ಎರಡ ಚೀಲ ಸಿಮೆಂಟ ಕೊಡ್ತೀವಿ ಅಂದ್ರೂ ಬ್ಯಾಡ ಅಂತಾಳ್ರೀ ಈ ಮುದುಕಿ,” ಎಂದು ರವಿಕುಮಾರನೆಂಬ ಡ್ರೈವರ್ ಮಣ್ಣಿನ ನೆಲ ತೋರಿಸಿ ನಕ್ಕ. “ದಿನಾ ಸಾರಸೂದ ಒಂದ ಚಟಾ ಆಗೇತಿ ಇಕಿಗಿ.”

“ಆ ಸಿಮೆಂಟ ನಿನ್ನ ತಲಿಯಾಗ ಹಾಕ್ಕೋ. ಟೊಳ್ಳರೆ ತುಂಬೀತು,” ಎಂದಳು ಮಲಕವ್ವ. ಎಲ್ಲರೂ ನಕ್ಕರು.

“ಮನೆಯವರು ಎಲ್ಲಿ, ಮಾವಶಿ?” ಎಂದು ರಂಜನಿ ಒಮ್ಮೆ ಕೇಳಿದಳು. ಅವಳ ಕನ್ನಡದಲ್ಲಿ ಮರಾಠಿ ತಾನಾಗಿಯೇ ಬೆರೆಯುತ್ತಿತ್ತು.

“ಕಟ್ಟಡದ ಗೌಂಡಿ ಕೆಲಸದವ್ರು. ನಾಶಿಕದಾಗ ಅದಾರ.”

ನಾಲ್ಕನೆಯ ದಿನ ರಂಜನಿಗೆ ಸುಳಿವು ಸಿಕ್ಕಿತು. ವಿಜಾಪುರ, ಕಲಬುರ್ಗಿ ಕಡೆಯ ಡ್ರೈವರುಗಳು ದೂರದ ಹಾದಿಗೆ ಬುತ್ತಿ ಇಲ್ಲದೆ ಹೊರಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಸೀಟಿನ ಹಿಂದೆ ಸೇರಿದ ಮೇಲೆಯೇ ಗಾಡಿ ಚಾಲೂ ಆಗುತ್ತದೆ. ಆದರೆ ಹೈದರಾಬಾದಿಗೆಂದು ಬೆಳಿಗ್ಗೆ ಹೊರಟ ರವಿಕುಮಾರ ಮಧ್ಯಾಹ್ನ ಇಲ್ಲಿಯೇ ಬಿಸಿ ರೊಟ್ಟಿ ತಿನ್ನುತ್ತಿದ್ದ.

ಬಾಗಿಲ ಪಕ್ಕದ ತಗಡಿನ ಮೇಲೆ ಮಲಕವ್ವ ಇದ್ದಿಲಿನಿಂದ ಗುರುತು ಹಾಕುತ್ತಿದ್ದಳು. ಬುತ್ತಿಗೆ ಗೀಟು, ಬಿಸಿ ಊಟಕ್ಕೆ ಚುಕ್ಕಿ. ಉದ್ರಿ ಹೇಳುವವರು ಯಾರೂ ಇರಲಿಲ್ಲ. ಎಲ್ಲರೂ ದುಡ್ಡು ಇಟ್ಟೇ ಏಳುತ್ತಿದ್ದರು. ಮೇಲಿನ ಸಾಲುಗಳು ಹಳತಾಗಿ ಮಾಸಿದ್ದವು. ರಂಜನಿ ಫೋಟೋ ತೆಗೆದುಕೊಂಡಳು. ದಿನಕ್ಕೆ ಐದು ಗೀಟು, ಐವತ್ತೈದು ಚುಕ್ಕಿ. ಅಂದರೆ ಐದು ಲಾರಿ ಮಾತ್ರ ನಿಜವಾಗಿ ಹೋಗುತ್ತಿದ್ದವು. ಉಳಿದವು ಮುಂದಿನ ಗೇಟಿನಿಂದ ಹೊರಟು, ಊರು ಸುತ್ತಿ, ಹಿಂದಿನ ಗೇಟಿನಿಂದ ಒಳಗೆ ಬರುತ್ತಿದ್ದವು. ಅದೇ ಚೀಲ, ಮತ್ತೊಂದು ಬಿಲ್ಲು.

“ಮಳಿಯಾಗ ತಿರಗಿ ತಿರಗಿ ಚೀಲ ಗಂಟ ಕಟ್ಟತಾವಂತ,” ಎಂದಳು ಮಲಕವ್ವ, ಹಿಟ್ಟು ನಾದುತ್ತ. “ಅದನ್ನ ಪುಡಿ ಮಾಡಿ ಹೊಸಾ ಚೀಲಕ್ಕ ತುಂಬಿ ಮಾರತಾರಂತ. ಡ್ರೈವರಗೋಳ ಮಾತು. ನನಗೇನ ತಿಳೀತೈತಿ ಬಿಡು.”

ರಂಜನಿ ಅದನ್ನೂ ಬರೆದುಕೊಂಡಳು. ಪಾಪದ ಹೆಂಗಸು. ತನ್ನ ಒಲೆಗೆ ತಾನೇ ನೀರು ಹೊಯ್ಯುತ್ತಿರುವುದು ಆಕೆಗೆ ಗೊತ್ತಿಲ್ಲ.

“ವರದಿ ಬಂದರೆ ಕಾರ್ಖಾನೆ ಮುಚ್ಚುತ್ತೆ, ಸರ್. ಇವರ ಖಾನಾವಳಿ ನಡೆಯೋದೇ ಆ ಡ್ರೈವರುಗಳಿಂದ,” ಎಂದು ಅವಳು ಫೋನಿನಲ್ಲಿ ಹೇಳಿದಳು.

“ಖಾನಾವಳಿಯ ಷೇರು ನಮ್ಮ ಹತ್ತಿರ ಇಲ್ಲವಲ್ಲ,” ಎಂದರು ಮೋಹನದಾಸ. ಅವಳ ಮೇಲಧಿಕಾರಿ.

ವರದಿ ಸೋಮವಾರ ಹೊರಬಿತ್ತು. ಶುಕ್ರವಾರದೊಳಗೆ ಷೇರು ಅರ್ಧಕ್ಕೆ ಇಳಿದಿತ್ತು. ಸರ್ಕಾರದವರು ಬಂದು ಚೀಲಗಳ ಮಾದರಿ ಒಯ್ದರು. ತಿಂಗಳೊಳಗೆ ಗೇಟಿಗೆ ಬೀಗ ಬಿತ್ತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ರಂಜನಿ ಒಂದು ತುಂಡು ತಿಂದಳು. ರುಚಿ ತಿಳಿಯಲಿಲ್ಲ.

ಎರಡು ತಿಂಗಳ ನಂತರ ಅವಳು ಬಸ್ಸಿನಿಂದ ಅಲ್ಲಿ ಇಳಿದಾಗ ರಸ್ತೆ ಬಿಕೋ ಎನ್ನುತ್ತಿತ್ತು. ಲಾರಿಯೊಂದೂ ಇಲ್ಲ. ಖಾನಾವಳಿಯ ಅರ್ಧ ತಗಡು ಬಿಚ್ಚಿ ಬೇವಿನ ಮರಕ್ಕೆ ಒರಗಿಸಿತ್ತು. ಬೈಗುಳ ಕೇಳುವುದಕ್ಕೆಂದೇ ಅವಳು ಬಂದಿದ್ದಳು.

“ಮಾವಶಿ, ನಾನು ರಸ್ತೆ ಸರ್ವೇಯವಳಲ್ಲ. ಲಾರಿ ಎಣಿಸೋಕೆ ಬಂದಿದ್ದೆ. ಇದೆಲ್ಲ ನನ್ನಿಂದ ಆಯ್ತು.”

“ಮದ್ಲ ಕೂಡು,” ಎಂದಳು ಮಲಕವ್ವ. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು.

“ಇವತ್ತು ಹಬ್ಬಾನಾ?”

“ನಮ್ಮ ಮನಿಯವ್ರ ಹೆಸರಿಂದ ಊಟ. ಸತ್ತ ನಾಕ ವರ್ಷ ಆತು. ಮಾಡಿದ್ದು ಇವತ್ತಽ.”

“ನಾಶಿಕದಲ್ಲಿ ಇದ್ದಾರೆ ಅಂದಿದ್ರಿ...”

“ಅಲ್ಲೇ ಅದಾರ, ಮಣ್ಣಾಗ. ಸ್ಲ್ಯಾಬ ಬಿದ್ದು ಐದ ಮಂದಿ ಹ್ವಾದ್ರು. ನಮ್ಮನಿಯವ್ರ ಹೆಸರ ಹಿಡದು, ಗೌಂಡಿ ಖಂಡಪ್ಪ ಮಾಲು ಸರಿ ಕಲಸಿಲ್ಲ, ಅವನದಽ ತಪ್ಪು ಅಂತ ಪೊಲೀಸರು ಬರದ್ರು. ಸಿಮೆಂಟಿನಾಗಽ ಸತುವು ಇರಲಿಲ್ಲರೀ, ಈ ಕಂಪನೀದು ಅಂತ ಹೇಳಿದ್ನಿ. ಯಾರೂ ಬರಕೊಳ್ಳಲಿಲ್ಲ. ಮೊನ್ನೆ ಪೊಲೀಸರು ಬಂದಿದ್ರು. ನೀ ಬರದದ್ದು ಓದ್ಯಾರ. ಕೇಸಿನಾಗಿಂದ ನಮ್ಮನಿಯವ್ರ ಹೆಸರ ತಗದಾರ.”

ರಂಜನಿ ಬಾಗಿಲ ಪಕ್ಕದ ಇದ್ದಿಲಿನ ಗುರುತುಗಳತ್ತ ನೋಡಿದಳು.

“ಯಾರರೆ ಎಣಸಾಕ ಬಂದಽ ಬರತಾರ ಅಂತ ನಾಕ ವರ್ಷದ ಹಿಂದ ಇಲ್ಲಿ ಒಲಿ ಹೂಡಿದ್ನಿ,” ಎಂದು ಮಲಕವ್ವ ಮೊದಲ ತಾಟನ್ನು ಅವಳ ಕೈಗಿಟ್ಟಳು.