ಕ್ಯಾಂಟೀನ್ ರಮ್ಮು

"ಅಂಥವ್ರಿಗೆಲ್ಲ ಮಿಲಿಟ್ರಿಯೊಳ್ಗೆ ಜಾಗ ಇಲ್ಲ, ಅಷ್ಟೇ!" ಸಲಿಂಗಿಗಳು ಸೈನ್ಯದಲ್ಲಿರಬಹುದೇ ಎಂಬ ಟಿವಿ ಚರ್ಚೆಗೆ ನಿವೃತ್ತ ಸುಬೇದಾರ್ ದುಗ್ಗಪ್ಪ ತೀರ್ಪು ಕೊಟ್ಟು, ಖಾಲಿ ಲೋಟ ಮುಂದೆ ಹಿಡಿದರು. ಸೈನ್ಯದಿಂದ ರಜೆಗೆ ಮನೆಗೆ ಬರುವಾಗ ಮಿಲಿಟರಿ ಕ್ಯಾಂಟೀನಿನಿಂದ ತಂದಿದ್ದ ರಮ್ಮನ್ನು ಬಗ್ಗಿಸಲು ಹೋದ ಅನೂಪ್ ಅಷ್ಟಕ್ಕೇ ನಿಲ್ಲಿಸಿದ.

"ನಾನೂ ಅಂಥವ್ನೇ, ಮಾವ."

ದುಗ್ಗಪ್ಪ ಲೋಟವನ್ನು ನೆಲಕ್ಕೆ ಕುಕ್ಕಿದರು. "ಈ ಮಾತ್ ಹೊರಗ್ ಹೋದ್ರೆ ನಿನ್ನ ನೌಕ್ರಿ ಹೋತ್, ಗೊತ್ತಾ? ನಾನೇ ಕಾಗ್ದ ಬರಿತೆ!"

ಅನೂಪ್‌ಗೆ ಆ ಬೆದರಿಕೆ ಕೇಳಿಸಲೇ ಇಲ್ಲ. ಮೂಲೆಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದ ಅಪ್ಪನ ಕೈ ನಿಂತುಬಿಟ್ಟಿತ್ತು. ಮಗನೆದುರು ಒಂದು ದಿನವೂ ಕುಡಿಯದ ಸುಬ್ಬ ನಿಧಾನಕ್ಕೆ ಎದ್ದು ಬಂದ. ನೆಲದ ಮೇಲಿದ್ದ ಲೋಟ ಎತ್ತಿ, ಮಗನ ಮುಂದೆ ಹಿಡಿದ.

"ನಂಗ್ ಹಾಕ್ ಮಗಾ. ಇವ್ರಿಗ್ ಮನಿಗ್ ಹೋಪ ಹೊತ್ತಾಯ್ತ್."