ಎಡಗಿವಿಯ ಜವಾಬು

ಹದಿನಾರು ವರ್ಷ ಡೋಜರ್ ನಡೆಸಿದ ಗದ್ದೆಪ್ಪನನ್ನು ಸೋಮವಾರ ಬೆಳಿಗ್ಗೆ ಸೀಟಿನಿಂದ ಇಳಿಸಿ, ಕೈಗೆ ಮಣ್ಣು ಹೊರುವ ಬುಟ್ಟಿ ಕೊಟ್ಟರು.

ಎಂಬತ್ತಾರನೇ ಇಸವಿ. ಮಸ್ಕಿಯಿಂದ ಸಿಂಧನೂರಿನ ಕಡೆಗೆ ಉಪಕಾಲುವೆ ಅಗೆಯುತ್ತಿದ್ದರು. ಕ್ಯಾಂಪಿನ ಸ್ಟೋರ್ ಬಾಗಿಲಿಗೆ ಸುತ್ತೋಲೆ ಅಂಟಿಸಿದ್ದರು. ದೊಡ್ಡ ಯಂತ್ರ ನಡೆಸುವವರಿಗೆ ಇನ್ನು ಸರ್ಟಿಫಿಕೇಟ್ ಕಡ್ಡಾಯ. ಪರೀಕ್ಷೆ ಶುಕ್ರವಾರ, ಲಿಂಗಸುಗೂರಿನಲ್ಲಿ. ಪರೀಕ್ಷೆಯಲ್ಲಿ ಯಂತ್ರ ನಡೆಸಬೇಕಾಗಿಲ್ಲ. ಕೊನೆಯ ಸಾಲನ್ನು ಸ್ಟೋರ್‌ಕೀಪರ್ ಬಾಬುಸಾಬ್ ಎರಡು ಸಲ ಓದಿದ.

“ನಡೆಸೋದು ಬ್ಯಾಡಂತ ಗದ್ದೆಪ್ಪಣ್ಣ. ಬರದ್ರ ಸಾಕಂತ.”

“ನನಗ ಸೈ ಮಾಡಾಕೂ ಬರಂಗಿಲ್ಲಲ್ಲೋ.”

“ಹಂಗಾದ್ರ ನಿನಗ ಡೋಜರೂ ಬರಂಗಿಲ್ಲ ಬಿಡು.”

ಸೀಟು ಹೋದರೆ ತಗಡಿನ ಖೋಲಿಯೂ ಹೋಗುತ್ತಿತ್ತು. ಆಪರೇಟರನಿಗೆ ಖೋಲಿ, ಬುಟ್ಟಿ ಹೊರುವವನಿಗೆ ಬಯಲು. ಅದು ಕಂಪನಿಯ ಕಾನೂನು. ಹೆಂಡತಿ ಪೀರಮ್ಮ ಆಗಲೇ ಪಾತ್ರೆಗಳನ್ನು ಗಂಟು ಕಟ್ಟತೊಡಗಿದ್ದಳು.

ಮಂಗಳವಾರ ಕಂಪನಿಯ ಇಂಜಿನಿಯರ್ ಜೀಪಿನಲ್ಲಿ ಒಬ್ಬ ಸಾಹೇಬರನ್ನು ಕರೆತಂದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ದಪ್ಪ ನೋಟ್‌ಬುಕ್. ಬಾಬುಸಾಬ್ ತಾನಾಗಿಯೇ ಕುರ್ಚಿ ತಂದು ಹಾಕಿದ. ಕುರ್ಚಿಯಲ್ಲಿ ಕೂತವರ ಹೆಸರು ಕೇಳುವ ರೂಢಿ ಕ್ಯಾಂಪಿನಲ್ಲಿ ಇರಲಿಲ್ಲ.

“ಲೇ ಗದ್ದೆಪ್ಪ,” ಎಂದ ಇಂಜಿನಿಯರ್. “ನೀ ಲಿಂಗಸುಗೂರಿಗೆ ಬರೋದು ಬ್ಯಾಡ. ಇಲ್ಲೇ ಹೇಳು, ಇವರು ಬರ್ಕೊಂತಾರ. ಒಂದೂ ಮುಚ್ಚಿಡಬ್ಯಾಡ. ಕಾಗದ ಬರ್ತದ.”

ಗದ್ದೆಪ್ಪ ಎರಡೂ ಕೈ ಜೋಡಿಸಿದ. ಬಡವನ ಸಲುವಾಗಿ ಪರೀಕ್ಷೆಯೇ ಮೂವತ್ತು ಕಿಲೋಮೀಟರ್ ನಡೆದು ಬಂದಿತ್ತು.

ಮೊದಲ ದಿನದ ಸವಾಲುಗಳು ಹಗುರ. “ಇದೇನು?” “ಚೈನ್ರಿ.” “ಇದು?” “ಬ್ಲೇಡ್ರಿ.” “ನಿಲ್ಲಿಸೋದು ಹೆಂಗ?” ಗದ್ದೆಪ್ಪ ಹೇಳಿದ. ತಾಸು ಬಿಟ್ಟು ಸಾಹೇಬರು ಅದನ್ನೇ ಕೇಳಿದರು. ಸಂಜೆ ಜೀಪು ಹತ್ತುವಾಗ ಮತ್ತೊಮ್ಮೆ ಕೇಳಿದರು.

“ಬಾಳ ಚಾಲಾಕ್ ಅದಾನ,” ಎಂದು ಗದ್ದೆಪ್ಪ ಹೆಂಡತಿಯ ಮುಂದೆ ಹೊಗಳಿದ. “ಕೇಳಿದ್ದನ್ನ ಮೂರ್ ಮೂರ್ ಸಲ ಕೇಳ್ತಾನ. ನಾ ಎಲ್ಲಿ ತಪ್ತೀನಂತ ಕಾಯಾಕತ್ತಾನ.”

“ಅವಗ ಗೊತ್ತಿಲ್ಲದ್ದಕ್ಕ ಕೇಳ್ತಿರಬೇಕು,” ಎಂದಳು ಪೀರಮ್ಮ.

“ಹುಚ್ಚಿ! ಗೊತ್ತಿಲ್ಲದವರಿಗೆ ಯಾರಾದ್ರೂ ಕುರ್ಚಿ ಕೊಡ್ತಾರೇನು?”

ಬುಧವಾರ ಸಾಹೇಬರು ಡೋಜರ್ ಹತ್ತಿ ಸೀಟಿನಲ್ಲಿ ಕೂತರು. ಕೂತವರೇ ಬಲಗಡೆಯ ಲಿವರ್ ಎಳೆದು, “ಈಗ ಎಡಕ್ಕ ತಿರಗ್ತದ, ಹೌದಿಲ್ಲೋ?” ಎಂದರು. ಗದ್ದೆಪ್ಪ ಬೆವರಿದ. ದೊಡ್ಡವರ ತಪ್ಪು ತಿದ್ದುವುದೂ ಪರೀಕ್ಷೆಯೋ, ತಿದ್ದದೆ ಇರುವುದೇ ಪರೀಕ್ಷೆಯೋ?

“ಬಲಕ್ಕ ತಿರಗ್ತದ್ರಿ, ತಪ್ಪ ತಿಳೀಬ್ಯಾಡ್ರಿ.”

ಸಾಹೇಬರು ಸಿಟ್ಟಾಗಲಿಲ್ಲ. ಬರೆದುಕೊಂಡರು.

“ಎರಿ ಮಣ್ಣು ಹಸಿ ಇದ್ದಾಗ?”

“ಕಣ್ಣಿಂದ ನಡಸಬಾರದ್ರಿ, ಕಿವಿಯಿಂದ ನಡಸಬೇಕು. ಇಂಜಿನ್ ದನಿ ದಪ್ಪ ಆತಂದ್ರ ಬ್ಲೇಡು ನಾಕ್ ಬೆರಳು ಎತ್ತಬೇಕು.”

“ಯಾವ ಕಿವಿ?”

ಇದರಲ್ಲೂ ಏನೋ ಮಸಲತ್ತಿದೆ ಎಂದು ಗದ್ದೆಪ್ಪ ಯೋಚಿಸಿ ಹೇಳಿದ: “ಎಡಗಿವಿರಿ. ಬಲಗಿವಿ ಕಂಪನಿ ಕೆಲಸದಾಗ ಹೋಗ್ಯದ.”

ಸಾಹೇಬರು ‘ಎಡಗಿವಿ’ ಎಂದು ಬರೆದು, ಅಡಿಗೆರೆ ಎಳೆದರು.

ಗುರುವಾರ ಸಂಜೆ ಪೀರಮ್ಮ ಸೆರಗಿನೊಳಗೆ ಒಂದು ಜವಾರಿ ಹುಂಜ ಹಿಡಿದು ಬಂದಳು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

“ಬ್ಯಾಡ ತಾಯಿ. ನಿನ್ನ ಗಂಡ ಕೊಟ್ಟಿದ್ದ ಬಾಳ ಆತು.”

ಕ್ಯಾಂಪಿಗೆ ಕ್ಯಾಂಪೇ ಬೆರಗಾಯಿತು. ತಿನ್ನದ ಸಾಹೇಬರನ್ನು ಆ ಜನ ನೋಡಿದ್ದು ಅದೇ ಮೊದಲು. “ಇಂಥವರನ್ನ ಬಾಳ ದಿನ ಉಳಿಸಂಗಿಲ್ಲ, ಬದ್ಲಿ ಮಾಡ್ತಾರ,” ಎಂದು ಬಾಬುಸಾಬ್ ಮರುಗಿದ. ಶುಕ್ರವಾರ ನಸುಕಿನಲ್ಲೇ ನೋಟ್‌ಬುಕ್ಕಿನ ಸಮೇತ ಸಾಹೇಬರು ಲಿಂಗಸುಗೂರಿಗೆ ಹೋದರು. ಪೀರಮ್ಮ ಗಂಟು ಬಿಚ್ಚಿ ಪಾತ್ರೆಗಳನ್ನು ಮತ್ತೆ ಜೋಡಿಸಿಟ್ಟಳು.

ಎಂಟು ದಿನ ಗದ್ದೆಪ್ಪ ಬುಟ್ಟಿ ಹೊತ್ತ. ಡೋಜರ್ ಬಿಸಿಲಿಗೆ ನಿಂತಿತ್ತು. ಕಾಲುವೆಯ ಯಂತ್ರದ ಕೆಲಸವೂ ನಿಂತಿತ್ತು. ನಿಯಮ ಮಾತ್ರ ನಡೆಯುತ್ತಿತ್ತು.

ಒಂಬತ್ತನೆಯ ದಿನ ಜೀಪು ಬಂತು. ಇಂಜಿನಿಯರ್ ಇಳಿದ. ಹಿಂದೆಯೇ ಸಾಹೇಬರೂ ಇಳಿದರು. ಇಂಜಿನಿಯರ್ ಕೈಯಲ್ಲಿ ಮೊಹರು ಹೊಡೆದ ಕಾಗದ.

“ಪಾಸು! ನೂರಕ್ಕ ತೊಂಬತ್ತೆಂಟು!”

ಬುಟ್ಟಿಗಳು ಕೆಳಗಿಳಿದವು. ಆಳುಗಳು ಚಪ್ಪಾಳೆ ಹೊಡೆದರು. ಬಾಬುಸಾಬ್ ಗದ್ದೆಪ್ಪನನ್ನು ಅಪ್ಪಿಕೊಂಡ. ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಎರಡ್ ಎಲ್ಲಿ ಹೋದವ್ರಿ?” ಎಂದ ಗದ್ದೆಪ್ಪ, ನಗುತ್ತ.

“ಎಡಗಿವಿ ಅಂತ ಬರದದ್ದಕ್ಕ ಹೋದವು,” ಎಂದ ಇಂಜಿನಿಯರ್.

ಎಲ್ಲರೂ ನಕ್ಕರು. ಗದ್ದೆಪ್ಪ ಧೋತರಕ್ಕೆ ಕೈ ಒರೆಸಿ ಮುಂದೆ ಚಾಚಿದ. ಕಾಗದ ಆ ಕೈಯನ್ನು ದಾಟಿ ಹೋಯಿತು.

“ತಗೋ ಅಳಿಯಾ ವೆಂಕೋಬ,” ಎಂದು ಇಂಜಿನಿಯರ್ ಅದನ್ನು ಎರಡು ಪೆನ್ನಿನ ಸಾಹೇಬರ ಕೈಗಿಟ್ಟ. “ನಿನ್ನ ಸರ್ಟಿಫಿಕೇಟು. ಇವತ್ತಿಂದ ಡೋಜರ್ ನಿಂದು, ಖೋಲಿ ನಿಂದು.”

ವೆಂಕೋಬ ಸೀಟು ಹತ್ತಿ ಕೂತ. ಲಿವರುಗಳನ್ನು ನೋಡಿದ. ಆಮೇಲೆ ಗದ್ದೆಪ್ಪನನ್ನು ನೋಡಿದ.

“ಏನ್ ನಿಂತೀಲೇ? ಹತ್ತು,” ಇಂಜಿನಿಯರ್ ಗದರಿದ. “ಹಿಂದ ನಿಂತು ಒಂದೊಂದಾಗಿ ಹೇಳ್ಕೊಂತ ಹೋಗು ಅವಗ.”

“ನಾ ಹೇಳಂಗಿಲ್ಲರಿ,” ಎಂದ ಗದ್ದೆಪ್ಪ.